ಪಾದೆಕಲ್ಲಿನ ಹಾವಸೆಯೂ ಗದ್ದೆಯ ಸಾರಜನಕವೂ

ಆಟಿಯ ಮಳೆ ಹಿಡಿದಾಗ ಮನೆಯಂಗಳದಲ್ಲಿ ಒಮ್ಮೆಯಾದರೂ ಕಾಲು ಜಾರದ ಕೃಷಿಕರು ನಮ್ಮ ಜಿಲ್ಲೆಯಲ್ಲಿ ಸಿಗಲಾರರು. ಮುರಕಲ್ಲಿನ ಮೆಟ್ಟಿಲು, ಬಾವಿಕಟ್ಟೆ, ತೋಟಕ್ಕಿಳಿಯುವ ದಾರಿ, ಎಲ್ಲೆಡೆ ಹಾವಸೆ ಕಟ್ಟುತ್ತದೆ. ಅಡಿಕೆ ಸೋಗೆ ಹಾಸಿ, ಸುಣ್ಣ ಚೆಲ್ಲಿ, ಪೊರಕೆಯಿಂದ ಉಜ್ಜಿ ನಾವು ಅದನ್ನು ದೂರವಿಡಲು ನೋಡುತ್ತೇವೆ. ಅಂಗಳದಲ್ಲಿ ಅದು ಶತ್ರುವೇ ಸರಿ. ಆದರೆ ಅದೇ ಬಳಗಕ್ಕೆ ಸೇರಿದ ಜೀವಿಗಳು ನಿಮ್ಮ ಗದ್ದೆಯಲ್ಲಿ ಸಂಬಳವಿಲ್ಲದೆ ದುಡಿಯುವ ಆಳುಗಳೂ ಹೌದು. ಈ ಆಳುಗಳ ಪರಿಚಯ ಮಾಡಿಕೊಡುವುದು, ಅವರಿಂದ ಎಷ್ಟು ಕೆಲಸ ನಿರೀಕ್ಷಿಸಬಹುದು, ಎಷ್ಟು ನಿರೀಕ್ಷಿಸಬಾರದು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕಲ್ಲಿನ ಕಪ್ಪು ಬಣ್ಣ ಎಲ್ಲಿಂದ ಬಂತು?

ಬೆಳ್ತಂಗಡಿಯ ಕಡೆಗೆ ಹೋಗುವಾಗ ಗಡಾಯಿಕಲ್ಲನ್ನು ನೀವು ನೋಡಿರುತ್ತೀರಿ. 1794ರಲ್ಲಿ ಟಿಪ್ಪು ಸುಲ್ತಾನನು ಜಮಲಾಬಾದ್ ಕೋಟೆ ಕಟ್ಟಿಸಿದ್ದು ಈ ಬಂಡೆಯ ನೆತ್ತಿಯಲ್ಲಿ. ಅದರ ಮೈಮೇಲೆ ಮೇಲಿನಿಂದ ಕೆಳಕ್ಕೆ ಶಾಯಿ ಚೆಲ್ಲಿದಂತೆ ಕಪ್ಪು ಪಟ್ಟೆಗಳಿವೆ. ಬಂಟ್ವಾಳ ತಾಲೂಕಿನ ಕಾರಿಂಜದ ಬಂಡೆ, ಮೂಡುಬಿದಿರೆ ಬಳಿಯ ಕೊಣಾಜೆಕಲ್ಲು ಇವುಗಳನ್ನು ನೋಡಿದರೂ ಅಷ್ಟೇ. ಮಳೆನೀರು ಹರಿಯುವ ಜಾಡಿನಲ್ಲೇ ಕಪ್ಪು ಹೆಚ್ಚು. ಅದೇ ಕಲ್ಲನ್ನು ಒಡೆದು ನೋಡಿ, ಒಳಗೆ ಬೂದಿಬಣ್ಣ ಅಥವಾ ಬಿಳುಪು. ಅಂದರೆ ಕಪ್ಪು ಕಲ್ಲಿನದಲ್ಲ, ಕಲ್ಲಿನ ಮೇಲೆ ಹತ್ತಿಕೊಂಡದ್ದು.

ಇಂಥ ಬಂಡೆಗಳ ಕಪ್ಪು ಪದರ ಬಹುಪಾಲು ಸೂಕ್ಷ್ಮಜೀವಿಗಳಿಂದ ಆದದ್ದು. ಅವುಗಳಲ್ಲಿ ಮುಖ್ಯವಾದವು ನೀಲಿ ಹಸಿರು ಪಾಚಿಗಳು. ಹೆಸರು ಪಾಚಿ ಎಂದಿದ್ದರೂ ಇವು ನಿಜವಾಗಿ ಬ್ಯಾಕ್ಟೀರಿಯಾಗಳ ಜಾತಿಗೆ ಸೇರಿದವು. ಗಿಡಮರಗಳಂತೆ ಸೂರ್ಯನ ಬೆಳಕಿನಲ್ಲಿ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಪಾದೆಯ ಮೇಲೆ ಬರಿಗಾಲಿನಲ್ಲಿ ನಿಂತವರಿಗೆ ಆ ಬಿಸಿ ಎಷ್ಟೆಂದು ಗೊತ್ತು. ಅಂಥ ಬಿಸಿಲನ್ನು ತಡೆಯಲು ಈ ಜೀವಿಗಳಲ್ಲಿ ಹಲವು ತಮ್ಮ ಹೊರಗವಚದಲ್ಲಿ ಕಂದು ಬಣ್ಣದ ಒಂದು ವಸ್ತುವನ್ನು ತುಂಬಿಕೊಳ್ಳುತ್ತವೆ. ನಾವು ಬಿಸಿಲಿಗೆ ಮುಟ್ಟಾಳೆ ಹಾಕಿಕೊಂಡಂತೆ ಅವಕ್ಕೆ ಈ ಬಣ್ಣ. ದೂರದಿಂದ ನಮಗೆ ಕಾಣುವ ಕಪ್ಪು ಅದೇ.

ನವೆಂಬರ್ ಕಳೆದ ಮೇಲೆ ಇವು ಒಣಗಿ ಹಪ್ಪಳದಂತಾಗುತ್ತವೆ. ಸತ್ತವೆಂದು ತಿಳಿಯಬೇಡಿ. ಮೊದಲ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮತ್ತೆ ಉಸಿರಾಡತೊಡಗುತ್ತವೆ. ಮುರಕಲ್ಲಿನ ಗುಡ್ಡದಲ್ಲಿ ಮಳೆಗಾಲದ ಆರಂಭಕ್ಕೆ ಹಸಿರು ಕಂದು ಬಣ್ಣದ ಲೋಳೆ ಮುದ್ದೆಗಳು ಏಳುವುದನ್ನು ನೀವು ನೋಡಿರಬಹುದು. ಅದು ನಾಸ್ಟಾಕ್ ಎಂಬ ನೀಲಿ ಹಸಿರು ಪಾಚಿ. ಒಣಗಿಸಿ ಕಾಗದದಲ್ಲಿಟ್ಟ ನಾಸ್ಟಾಕ್ ದಶಕಗಳ ನಂತರವೂ ನೀರು ತಾಗಿದಾಗ ಜೀವ ತಳೆದದ್ದುಂಟು.

ಹಿಮದ ಮೇಲೂ ಇದೇ ಬಳಗ

ಸುಡುವ ಪಾದೆಯ ಮೇಲೆ ಬದುಕುವ ಈ ಬಳಗ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೂ ಬದುಕುತ್ತದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಹಿಮಾಲಯದಲ್ಲಿ, ಉತ್ತರದ ಗ್ರೀನ್‌ಲ್ಯಾಂಡಿನಲ್ಲಿ, ದಕ್ಷಿಣ ಧ್ರುವದ ಅಂಟಾರ್ಕ್ಟಿಕದಲ್ಲಿ ನೂರಾರು ಮೀಟರು ದಪ್ಪದ ಮಂಜುಗಡ್ಡೆ ಬೆಟ್ಟಗಳನ್ನೂ ಬಯಲುಗಳನ್ನೂ ಮುಚ್ಚಿದೆ. ಬೆಟ್ಟದ ಇಳಿಜಾರಿನಲ್ಲಿ ಮೆಲ್ಲಮೆಲ್ಲನೆ ಜಾರುವ ಇಂಥ ಗಡ್ಡೆಗೆ ಹಿಮನದಿ ಎಂದು ಹೆಸರು. ಗಂಗೆಯ ಮೂಲವಾದ ಗಂಗೋತ್ರಿ ಹಿಮನದಿ ಸುಮಾರು 30 ಕಿಲೋಮೀಟರು ಉದ್ದವಿದೆ.

1870ರಲ್ಲಿ ನಾರ್ಡೆನ್‌ಶೋಲ್ಡ್ ಎಂಬ ಸಂಶೋಧಕನು ಗ್ರೀನ್‌ಲ್ಯಾಂಡಿನ ಮಂಜುಗಡ್ಡೆಯ ಮೇಲೆ ನಡೆಯುವಾಗ ಗೇಣುದ್ದದ ಸಣ್ಣ ಸಣ್ಣ ಗುಳಿಗಳನ್ನು ಕಂಡನು. ಪ್ರತಿ ಗುಳಿಯ ತಳದಲ್ಲಿ ಕಪ್ಪು ಕೆಸರು, ಮೇಲೆ ತಿಳಿನೀರು. ಆ ಕೆಸರಿಗೆ ಅವನು 'ಚಳಿಯ ಧೂಳು' ಎಂಬರ್ಥದ ಕ್ರಯೋಕೊನೈಟ್ ಎಂಬ ಹೆಸರನ್ನಿಟ್ಟನು. ಅದು ಗಾಳಿ ತಂದ ಬರಿಯ ಧೂಳಲ್ಲ. ದಾರದಂತಹ ನೀಲಿ ಹಸಿರು ಪಾಚಿಗಳು ಧೂಳಿನ ಕಣಗಳನ್ನು ಸುತ್ತಿ ಕಟ್ಟಿ ಸಾಸಿವೆಯಂತಹ ಉಂಡೆಗಳನ್ನು ಮಾಡಿರುತ್ತವೆ. ಕಪ್ಪು ಉಂಡೆ ಬಿಸಿಲನ್ನು ಹೀರಿ ತನ್ನ ಕೆಳಗಿನ ಗಡ್ಡೆಯನ್ನು ಕರಗಿಸುತ್ತದೆ. ಹೀಗೆ ಗುಳಿ ಬೀಳುತ್ತದೆ, ಗುಳಿಯಲ್ಲಿ ನೀರು ನಿಲ್ಲುತ್ತದೆ, ನೀರಿನಲ್ಲಿ ಜೀವ ಹೆಚ್ಚುತ್ತದೆ. ನೇಪಾಳದ ಯಾಲಾ ಹಿಮನದಿಯಲ್ಲಿ ಈ ಪಾಚಿ ಮತ್ತು ಬ್ಯಾಕ್ಟೀರಿಯಾಗಳನ್ನೇ ತಿಂದು ಬದುಕುವ ಪುಟ್ಟ ಕೀಟವೊಂದಿದೆ ಎಂದು ಜಪಾನಿನ ವಿಜ್ಞಾನಿ ಕೋಶಿಮಾ 1984ರಲ್ಲಿ ತೋರಿಸಿಕೊಟ್ಟರು.

ಬರಿ ಗಡ್ಡೆಯ ಮೇಲೆ ಬೆಳೆಯುವ ಬೇರೆ ಜಾತಿಯ ಪಾಚಿಗಳೂ ಇವೆ. ಬಿಸಿಲಿನಿಂದ ರಕ್ಷಣೆಗೆ ಅವು ಕಂದು ನೇರಳೆ ಬಣ್ಣವನ್ನು ತುಂಬಿಕೊಳ್ಳುತ್ತವೆ. ಇಲ್ಲಿಯೇ ತೊಂದರೆ. ಹೊಸದಾಗಿ ಬಿದ್ದ ಬಿಳಿ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲಿ ಎಂಟು ಒಂಬತ್ತು ಪಾಲನ್ನು ಹಿಂದಕ್ಕೆ ಕಳುಹಿಸಿಬಿಡುತ್ತದೆ. ಕೊಳಕಾದ, ಪಾಚಿಗಟ್ಟಿದ ಗಡ್ಡೆ ಅರ್ಧವನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ, ಉಳಿದದ್ದನ್ನು ಹೀರಿ ಕರಗುತ್ತದೆ. ಕರಗಿದರೆ ನೀರು, ನೀರಾದರೆ ಮತ್ತಷ್ಟು ಪಾಚಿ, ಪಾಚಿಯಾದರೆ ಮತ್ತಷ್ಟು ಕರಗುವಿಕೆ. ಭೂಮಿಯ ಬಿಸಿ ಏರುತ್ತಿರುವ ಈ ಕಾಲದಲ್ಲಿ, ಹೊಗೆಯ ಮಸಿಯೂ ಬಂದು ಕೂರುವ ಹಿಮದ ಮೇಲೆ, ಈ ಜೀವಿಗಳ ಪಾಲೆಷ್ಟು ಎಂಬುದನ್ನು ವಿಜ್ಞಾನಿಗಳು ಈಗ ಆಸ್ಥೆಯಿಂದ ಅಳೆಯುತ್ತಿದ್ದಾರೆ. ನಮ್ಮ ದೇಶವೂ ಈ ಕೆಲಸದಲ್ಲಿದೆ. ಅಂಟಾರ್ಕ್ಟಿಕದಲ್ಲಿ ಮೈತ್ರಿ, ಭಾರತಿ ಎಂಬ ನಮ್ಮ ಎರಡು ಕೇಂದ್ರಗಳಿವೆ. ಹಿಮಾಚಲದ ಸ್ಪಿತಿಯಲ್ಲಿ 2016ರಿಂದ ಹಿಮಾಂಶ್ ಎಂಬ ಕೇಂದ್ರವಿದೆ.

ನಮ್ಮ ನೇತ್ರಾವತಿಗೆ ಹಿಮದ ಆಸರೆಯಿಲ್ಲ. ಘಟ್ಟದ ಮೇಲೆ ಬಿದ್ದ ಮಳೆ, ಕಾಡು ಹಿಡಿದಿಟ್ಟ ನೀರು, ಇವೆರಡೇ ಅದರ ಬಂಡವಾಳ. ಆದರೂ ಹಿಮದ ಕಥೆ ನಮಗೊಂದು ಪಾಠ ಹೇಳುತ್ತದೆ. ಮೇಲ್ಮೈಯ ತೆಳುಪದರದ ಜೀವ ಚಿಕ್ಕದು, ಅದರ ಪರಿಣಾಮ ಚಿಕ್ಕದಲ್ಲ. ಅಲ್ಲಿ ಅದು ಗಡ್ಡೆಯನ್ನು ಕರಗಿಸುತ್ತದೆ. ಇಲ್ಲಿ ಅದೇ ಬಳಗ ಮಣ್ಣನ್ನು ಕಟ್ಟುತ್ತದೆ.

ಬರಡು ನೆಲದಲ್ಲಿ ಮೊದಲ ಜೀವ

ಹಿಮನದಿ ಹಿಂದೆ ಸರಿದಾಗ ಅದರಡಿಯ ಬರಿಯ ಕಲ್ಲು ಮರಳು ಹೊರಬೀಳುತ್ತದೆ. ಅಲ್ಲಿ ಮೊದಲು ಬಂದು ನೆಲೆಸುವವರಲ್ಲಿ ನೀಲಿ ಹಸಿರು ಪಾಚಿಗಳು ಸೇರಿವೆ. ಹುಲ್ಲು, ಪೊದೆ ಬರುವುದು ಆಮೇಲೆ. ನಮ್ಮಲ್ಲೂ ಇದೇ ಕ್ರಮ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿ ಘಟ್ಟದ ಮಗ್ಗುಲು ಕುಸಿದು, ಹಳ್ಳಗಳು ಉಕ್ಕಿ, ಬೆಳ್ತಂಗಡಿ ತಾಲೂಕಿನ ಎಷ್ಟೋ ತೋಟ ಗದ್ದೆಗಳ ಮೇಲೆ ಮರಳು, ಮಣ್ಣು, ಮರದ ದಿಮ್ಮಿ ಬಂದು ಬಿದ್ದುದನ್ನು ನೀವು ಮರೆತಿಲ್ಲ. ಇಂಥ ಬರಿ ಮರಳಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದರ ಮೇಲೆ ತೇವವಿದ್ದಲ್ಲಿ ಹಸಿರು ಕಪ್ಪು ಪೊರೆಯೊಂದು ಕಾಣಿಸಿಕೊಂಡರೆ ಅದನ್ನು ಕೆರೆದು ತೆಗೆಯಬೇಡಿ. ಅದು ಮರಳಿನ ಕಣಗಳನ್ನು ಹೆಣೆದು, ಮಳೆಗೆ ಕೊಚ್ಚಿಹೋಗದಂತೆ ಹಿಡಿಯುತ್ತದೆ ಮತ್ತು ಮಣ್ಣಿಗೆ ಮೊದಲ ಗೊಬ್ಬರವನ್ನು ಸೇರಿಸುತ್ತದೆ. ಹಟ್ಟಿಗೊಬ್ಬರ, ಸೊಪ್ಪು ಹಾಕಿ ನೀವು ಅದಕ್ಕೆ ಜೊತೆಗೊಟ್ಟರೆ ನೆಲ ಬೇಗ ಚೇತರಿಸಿಕೊಳ್ಳುತ್ತದೆ.

ಗಾಳಿಯ ಸಾರಜನಕ ಗದ್ದೆಗೆ

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದೆ. ಆದರೆ ಭತ್ತದ ಗಿಡಕ್ಕೆ ಅದು ನೇರವಾಗಿ ಸಿಗದು. ಕಾರ್ಖಾನೆಯಲ್ಲಿ ಅತಿ ಹೆಚ್ಚು ಶಾಖ, ಒತ್ತಡ ಕೊಟ್ಟು ಅದನ್ನು ಗೊಬ್ಬರವಾಗಿ ಮಾಡುತ್ತಾರೆ. ನೀಲಿ ಹಸಿರು ಪಾಚಿಯ ಕೆಲವು ಜಾತಿಗಳು ಅದೇ ಕೆಲಸವನ್ನು ಸದ್ದಿಲ್ಲದೆ ಗದ್ದೆಯ ನೀರಿನಲ್ಲಿ ಮಾಡುತ್ತವೆ. ನಾಸ್ಟಾಕ್, ಅನಬೀನ, ಟಾಲಿಪೋಥ್ರಿಕ್ಸ್, ಆಲೋಸಿರ ಇವುಗಳಲ್ಲಿ ಮುಖ್ಯವಾದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇವು ಮಣಿಸರದಂತೆ ಕಾಣುತ್ತವೆ. ಸರದ ನಡುನಡುವೆ ದಪ್ಪ ಗೋಡೆಯ, ಬಣ್ಣ ಕಡಿಮೆಯಾದ ಮಣಿಗಳಿರುತ್ತವೆ. ಆಮ್ಲಜನಕ ಒಳಬರದಂತೆ ಬಾಗಿಲು ಭದ್ರಪಡಿಸಿದ ಆ ಕೋಣೆಗಳಲ್ಲಿಯೇ ಸಾರಜನಕವನ್ನು ಹಿಡಿಯುವ ಕೆಲಸ ನಡೆಯುತ್ತದೆ. ಪಾಚಿ ಸತ್ತು ಕೊಳೆತಾಗ ಅದು ಭತ್ತಕ್ಕೆ ದೊರೆಯುತ್ತದೆ.

ಗೊಬ್ಬರವನ್ನೇ ಕಾಣದ ಗದ್ದೆಗಳು ವರ್ಷವರ್ಷವೂ ಅಷ್ಟಿಷ್ಟು ಭತ್ತ ಕೊಡುತ್ತಲೇ ಬಂದಿರುವುದು ಹೇಗೆಂಬ ಪ್ರಶ್ನೆಗೆ ಉತ್ತರ ಹುಡುಕುತ್ತ, ಪಿ. ಕೆ. ಡೇ ಎಂಬ ವಿಜ್ಞಾನಿ ಅಂದಿನ ಭಾರತದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿ, ಇದರ ಹಿಂದೆ ನೀಲಿ ಹಸಿರು ಪಾಚಿಗಳಿವೆ ಎಂದು 1939ರಲ್ಲಿ ತೋರಿಸಿದರು. ಮುಂದೆ ಆರ್. ಎನ್. ಸಿಂಗ್ ಅವರು ಉತ್ತರ ಭಾರತದ ಸವಳು ಭೂಮಿಯನ್ನು ಪಾಚಿಯಿಂದ ಸುಧಾರಿಸುವ ಬಗೆಯನ್ನು 1950ರಲ್ಲಿ ಪ್ರಕಟಿಸಿದರು. ರೈತರೇ ತಮ್ಮ ಹಿತ್ತಿಲಿನಲ್ಲಿ ಪಾಚಿ ಬೆಳೆಸುವ ಸುಲಭ ಕ್ರಮವನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಜಿ. ಎಸ್. ವೆಂಕಟರಾಮನ್ ಮತ್ತು ಸಂಗಡಿಗರು ರೂಪಿಸಿದರು.

ನಮ್ಮ ಗದ್ದೆಗೆ ಎಷ್ಟು ಲಾಭ?

ಅನುಕೂಲ ಸ್ಥಿತಿಯಲ್ಲಿ ಪಾಚಿಗಳು ಒಂದು ಬೆಳೆಯಲ್ಲಿ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ಸೇರಿಸುತ್ತವೆ ಎಂದು ಲೆಕ್ಕ. ಎಕರೆಗೆ 8ರಿಂದ 12 ಕಿಲೋ ಆಯಿತು. ಯೂರಿಯಾ ಲೆಕ್ಕದಲ್ಲಿ ಹೇಳುವುದಾದರೆ 45 ಕಿಲೋ ಚೀಲದ ಸುಮಾರು ಅರ್ಧ. ಇದು ಕಡಿಮೆ ಲಾಭವಲ್ಲ. ಆದರೆ ಪಾಚಿ ಹಾಕಿದರೆ ಬೇರೆ ಗೊಬ್ಬರವೇ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಾಚಿ ಹಾಕಿದ ಎಲ್ಲ ಊರುಗಳಲ್ಲೂ ಒಂದೇ ಫಲ ಕಂಡಿಲ್ಲ. ನಮ್ಮ ಕಡೆ ಅದಕ್ಕೆ ಮೂರು ಅಡ್ಡಿಗಳಿವೆ.

ಮೊದಲನೆಯದು ಮಣ್ಣಿನ ಹುಳಿ. 1801ರಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ದಾರಿಯಲ್ಲಿ ಸಂಚರಿಸಿದ ಬುಕನನ್ ಎಂಬಾತನು ಮಲಬಾರಿನಲ್ಲಿ ಕಂಡ ನಮ್ಮ ಈ ಮುರಕಲ್ಲಿನ ಜಾತಿಗೇ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು. ಈ ಕಲ್ಲಿನಿಂದಾದ ಮಣ್ಣಿನಲ್ಲಿ ಸುಣ್ಣದಂಶ ತೊಳೆದುಹೋಗಿರುತ್ತದೆ. ರಂಜಕವನ್ನು ಕಬ್ಬಿಣದಂಶ ಕಟ್ಟಿಹಾಕಿರುತ್ತದೆ. ನೀಲಿ ಹಸಿರು ಪಾಚಿಗೆ ಹುಳಿಮಣ್ಣು ಆಗದು. ರಂಜಕವಿಲ್ಲದೆ ಅದು ಬೆಳೆಯದು.

ಎರಡನೆಯದು ಮಳೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಸುರಿಯುವ ನಾಡಿನಲ್ಲಿ, ಏಣೇಲಿನ ಹೊತ್ತಿಗೆ ಹುಣಿಯ ಮೇಲೆಯೇ ನೀರು ಹರಿಯುತ್ತದೆ. ಹಾಕಿದ ಪಾಚಿ ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ, ಅಲ್ಲಿಂದ ತೋಡಿಗೆ ಸೇರುತ್ತದೆ. ಮೋಡ ಕವಿದ ದಿನಗಳಲ್ಲಿ ಬೆಳಕೂ ಸಾಲದು. ಆದುದರಿಂದ ಏಣೇಲಿಗಿಂತ ಸುಗ್ಗಿ ಬೆಳೆಗೆ, ನೀರಿನ ಅನುಕೂಲವಿರುವ ಬೈಲು ಗದ್ದೆಗಳಲ್ಲಿ ಕೊಳಕೆ ಬೆಳೆಗೆ ಪಾಚಿ ಹೆಚ್ಚು ಹೊಂದುತ್ತದೆ. ನೀರು ನಿಲ್ಲದ ಬೆಟ್ಟು ಗದ್ದೆಗಳಿಗೆ ಇದನ್ನು ಶಿಫಾರಸು ಮಾಡಲಾಗದು. ಮಜಲು ಗದ್ದೆಗಳಲ್ಲಿ ನೀರು ನಿಲ್ಲಿಸುವ ಅನುಕೂಲ ನೋಡಿ ನಿರ್ಧರಿಸಿ.

ಮೂರನೆಯದು ನಮ್ಮ ಕೈಯಲ್ಲೇ ಇದೆ. ನೀರಿನಲ್ಲಿ ಯೂರಿಯಾ ಕರಗಿದ್ದರೆ ಪಾಚಿ ಗಾಳಿಯಿಂದ ಸಾರಜನಕ ಹಿಡಿಯುವ ಶ್ರಮ ಪಡುವುದಿಲ್ಲ. ಹಸಿದವನು ದುಡಿಯುತ್ತಾನೆ, ಹೊಟ್ಟೆ ತುಂಬಿದವನು ಮಲಗುತ್ತಾನೆ. ಯೂರಿಯಾವನ್ನು ನೀರಿನ ಮೇಲೆ ಎರಚುವ ಬದಲು ನೀರನ್ನು ಬಸಿದು ಕೆಸರಿನೊಳಗೆ ಸೇರಿಸಿದರೆ ಗಿಡಕ್ಕೂ ಹೆಚ್ಚು ಸಿಗುತ್ತದೆ, ಪಾಚಿಯೂ ಕೆಲಸ ನಿಲ್ಲಿಸುವುದಿಲ್ಲ.

ಇಲ್ಲಿ ಇನ್ನೊಂದು ಮಾತು. ಬಹುತೇಕ ಎಲ್ಲ ಗದ್ದೆಗಳಲ್ಲೂ ಸ್ಥಳೀಯ ಪಾಚಿಗಳು ಈಗಾಗಲೇ ಇವೆ. ಹೊರಗಿನಿಂದ ತಂದು ಹಾಕುವುದಕ್ಕಿಂತ ಇರುವುದನ್ನು ಬೆಳೆಯಗೊಡುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು, ರಂಜಕವನ್ನು ಬಿಡದೆ ಕೊಡುವುದು, ನಾಟಿಯಾದ ಮೇಲೆ ತೆಳುವಾಗಿ ನೀರು ನಿಲ್ಲಿಸುವುದು, ಇಷ್ಟೇ ಅದರ ಆರೈಕೆ.

ಮನೆಯಲ್ಲೇ ಪಾಚಿ ಗೊಬ್ಬರ ತಯಾರಿಸುವ ಕ್ರಮ

ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಬಿಸಿಲು ಇದಕ್ಕೆ ಸೂಕ್ತ. ಎರಡು ಮೀಟರು ಉದ್ದ, ಒಂದು ಮೀಟರು ಅಗಲ, ಒಂದು ಗೇಣು ಆಳದ ಹೊಂಡ ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ. ಜರಡಿ ಹಿಡಿದ ಗದ್ದೆಮಣ್ಣು 8ರಿಂದ 10 ಕಿಲೋ, ಸೂಪರ್ ಫಾಸ್ಫೇಟ್ 200 ಗ್ರಾಂ ಹಾಕಿ, ನಾಲ್ಕೈದು ಅಂಗುಲ ನೀರು ತುಂಬಿಸಿ ಕಲಕಿ. ನಮ್ಮ ಮಣ್ಣು ಹುಳಿಯಾದುದರಿಂದ ಸ್ವಲ್ಪ ಸುಣ್ಣ ಸೇರಿಸಿ ರಸಸಾರವನ್ನು 7ರ ಆಸುಪಾಸಿಗೆ ತರಬೇಕು. ಮಣ್ಣು ತಳಕ್ಕೆ ಕುಳಿತು ನೀರು ತಿಳಿಯಾದ ಮೇಲೆ ಸುಮಾರು 200 ಗ್ರಾಂ ಮೂಲಪಾಚಿಯನ್ನು ನೀರಿನ ಮೇಲೆ ಉದುರಿಸಿ. ಆಮೇಲೆ ಕಲಕಬಾರದು.

ಬಿಸಿಲು ಚೆನ್ನಾಗಿ ಬೀಳಬೇಕು. ಆರಿದಷ್ಟು ನೀರನ್ನು ಮೆಲ್ಲನೆ ತುಂಬುತ್ತಿರಬೇಕು. ಸೊಳ್ಳೆ ಬಂದು ಮೊಟ್ಟೆಯಿಡದಂತೆ ತೆಳು ಪರದೆ ಮುಚ್ಚಿ. ಬಸವನಹುಳು ಕಂಡರೆ ಹೆಕ್ಕಿ ತೆಗೆಯಿರಿ, ಅದು ಪಾಚಿಯನ್ನು ಮೇಯುತ್ತದೆ. ಎರಡು ಮೂರು ವಾರಗಳಲ್ಲಿ ದಪ್ಪ ಕೆನೆಯಂತೆ ಪಾಚಿ ಕಟ್ಟುತ್ತದೆ. ಆಗ ನೀರು ಹಾಕುವುದನ್ನು ನಿಲ್ಲಿಸಿ ಒಣಗಲು ಬಿಡಿ. ಹಪ್ಪಳದಂತೆ ಎದ್ದ ಚಕ್ಕೆಗಳನ್ನು ಕೆರೆದು ತೆಗೆದರೆ ಒಂದು ಸಲಕ್ಕೆ ಒಂದೂವರೆ ಎರಡು ಕಿಲೋ ಸಿಗುತ್ತದೆ. ಮತ್ತೆ ನೀರು, ಸ್ವಲ್ಪ ಸೂಪರ್ ಫಾಸ್ಫೇಟ್ ಹಾಕಿ ಅದೇ ಹೊಂಡದಲ್ಲಿ ಮುಂದಿನ ಬೆಳೆ ತೆಗೆಯಬಹುದು. ಒಣ ಚಕ್ಕೆಗಳನ್ನು ಚೀಲದಲ್ಲಿ ಕಟ್ಟಿ, ಗೊಬ್ಬರ ಕೀಟನಾಶಕಗಳಿಂದ ದೂರವಿಟ್ಟರೆ ಸುಗ್ಗಿಯವರೆಗೂ ಕೆಡುವುದಿಲ್ಲ.

ನಾಟಿಯಾದ 7ರಿಂದ 10 ದಿನಗಳಲ್ಲಿ ಎಕರೆಗೆ 4 ಕಿಲೋ ಚಕ್ಕೆಯನ್ನು ಪುಡಿಮಾಡಿ ನಿಂತ ನೀರಿನ ಮೇಲೆ ಎರಚಿ. ಕನಿಷ್ಠ ಹತ್ತು ದಿನ ನೀರು ಬಸಿಯಬಾರದು.

ಮೈಲುತುತ್ತು ಮತ್ತು ಪಾಚಿ

ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದನ್ನು ಬಿಡಬೇಕೆಂದು ಇಲ್ಲಿ ಹೇಳುತ್ತಿಲ್ಲ, ಕೊಳೆರೋಗಕ್ಕೆ ಅದು ಬೇಕೇ ಬೇಕು. ಆದರೆ ತಾಮ್ರ ಪಾಚಿಗೆ ವಿಷ. ನಮ್ಮಲ್ಲಿ ತೋಟ ಮೇಲೆ, ಗದ್ದೆ ಕೆಳಗೆ ಇರುವುದುಂಟು. ಡ್ರಮ್ಮು ತೊಳೆದ ನೀರನ್ನು, ಉಳಿದ ದ್ರಾವಣವನ್ನು ಗದ್ದೆಯ ತೋಡಿಗೆ ಚೆಲ್ಲಬೇಡಿ. ಕಳೆನಾಶಕಗಳಲ್ಲೂ ಹಲವು ಹಸಿರು ಗಿಡದಂತೆ ಪಾಚಿಯನ್ನೂ ಕೊಲ್ಲುತ್ತವೆ. ಪಾಚಿ ಹಾಕುವ ಗದ್ದೆಯಲ್ಲಿ ಕೈಕಳೆ ಅಥವಾ ಯಂತ್ರದ ಕಳೆ ಮೇಲು.

ಅಡಿಕೆ, ತೆಂಗಿನ ಕಾಂಡದ ಮೇಲೆ ಬೂದು ಬಿಳಿ ಮಚ್ಚೆಗಳನ್ನು ಕಂಡು ರೋಗವೆಂದು ಹೆದರುವವರಿದ್ದಾರೆ. ಅದು ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಸಂಬಂಧಿ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ ಅದು, ಮರದಿಂದ ಆಹಾರ ಹೀರುವುದಿಲ್ಲ. ಅದಕ್ಕಾಗಿ ಔಷಧಿ ಸಿಂಪಡಿಸುವುದು ದಂಡದ ಖರ್ಚು.

ನೀವೇ ಪರೀಕ್ಷಿಸಿ ನೋಡಿ

ಈ ಲೇಖನವನ್ನು ಓದಿ ಇಡೀ ಬೈಲಿಗೆ ಪಾಚಿ ಹಾಕಲು ಹೊರಡಬೇಡಿ. ಅಕ್ಕಪಕ್ಕದ, ಒಂದೇ ಬಗೆಯ ಎರಡು ಸಣ್ಣ ಗದ್ದೆಗಳನ್ನು ಆರಿಸಿ. ಎರಡಕ್ಕೂ ಒಂದೇ ತಳಿ, ಒಂದೇ ದಿನ ನಾಟಿ, ಒಂದೇ ಪ್ರಮಾಣದ ಹಟ್ಟಿಗೊಬ್ಬರ, ಸುಣ್ಣ, ರಂಜಕ, ಪೊಟ್ಯಾಷ್. ಒಂದಕ್ಕೆ ಮಾತ್ರ ಪಾಚಿ ಹಾಕಿ ಯೂರಿಯಾವನ್ನು ಕಾಲು ಪಾಲು ಕಡಿಮೆ ಮಾಡಿ. ಮೇಲಿನ ಗದ್ದೆಯ ನೀರು ಇನ್ನೊಂದಕ್ಕೆ ಇಳಿಯದಂತೆ ನೋಡಿಕೊಳ್ಳಿ. ಕೊಯ್ಲಿನಲ್ಲಿ ಎರಡರ ಭತ್ತವನ್ನೂ ಬೇರೆಬೇರೆ ಅಳೆದು ಬರೆದಿಡಿ. ಎರಡು ಸುಗ್ಗಿಯ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ಗದ್ದೆಯ ಮಟ್ಟಿಗೆ ನಿಮಗಿಂತ ದೊಡ್ಡ ತಜ್ಞರಿಲ್ಲ. ಮೂಲಪಾಚಿ ಮತ್ತು ಮಣ್ಣು ಪರೀಕ್ಷೆಯ ಕುರಿತು ಬ್ರಹ್ಮಾವರದ ಸಂಶೋಧನಾ ಕೇಂದ್ರದಲ್ಲಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ನೆನಪಿಡಬೇಕಾದ ಅಂಶಗಳು

1. ಪಾಚಿ ಸಾರಜನಕದ ಒಂದು ಪಾಲನ್ನು ಮಾತ್ರ ಕೊಡುತ್ತದೆ, ಪೂರ್ತಿಯನ್ನಲ್ಲ.
2. ಸುಣ್ಣ, ರಂಜಕ, ಬಿಸಿಲು, ನಿಂತ ನೀರು ಈ ನಾಲ್ಕೂ ಇದ್ದರೆ ಮಾತ್ರ ಅದು ದುಡಿಯುತ್ತದೆ.
3. ಏಣೇಲಿಗಿಂತ ಸುಗ್ಗಿ, ಕೊಳಕೆ ಬೆಳೆಗೆ ಹೆಚ್ಚು ಸೂಕ್ತ.
4. ಯೂರಿಯಾವನ್ನು ನಿಂತ ನೀರಿನ ಮೇಲೆ ಎರಚಬೇಡಿ.
5. ಮೈಲುತುತ್ತಿನ ನೀರು ಗದ್ದೆ ಸೇರದಿರಲಿ.

ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿರುವ ಈ ದಿನಗಳಲ್ಲಿ, ಇನ್ನೂ ಬೇಸಾಯ ಉಳಿಸಿಕೊಂಡಿರುವ ಕೃಷಿಕರಿಗೆ ಖರ್ಚಿನಲ್ಲಿ ಅರ್ಧ ಚೀಲ ಉಳಿದರೂ ಅದು ಉಳಿತಾಯವೇ. ಮುಂದಿನ ಮಳೆಗಾಲದಲ್ಲಿ ಅಂಗಳದ ಹಾವಸೆಯನ್ನು ಅಗತ್ಯವಾಗಿ ಉಜ್ಜಿ ತೆಗೆಯಿರಿ, ಮನೆಯ ಹಿರಿಯರು ಜಾರಿ ಬೀಳಬಾರದು. ಗದ್ದೆಯ ಹಾವಸೆಯನ್ನು ಮಾತ್ರ ಅದರ ಪಾಡಿಗೆ ದುಡಿಯಲು ಬಿಡಿ.